ಮಲಗಿದ್ದ ಜನರ ಮುಂದೆ ಹಾಡಿದ ರಾತ್ರಿ

ನಮಸ್ಕಾರ, ಕೇಳುಗರೇ.

1969ರಲ್ಲಿ ಅಮೆರಿಕದಲ್ಲಿ ನಡೆದ ವುಡ್‌ಸ್ಟಾಕ್ ಸಂಗೀತ ಉತ್ಸವ ಅಂದ ಕೂಡಲೇ ನೆನಪಿಗೆ ಬರುವವರು ಜಿಮಿ ಹೆಂಡ್ರಿಕ್ಸ್, ಸಾಂಟಾನಾ, ಮಳೆ ಸುರಿಯುವಾಗ ಸಿತಾರ್ ನುಡಿಸಿದ ನಮ್ಮ ರವಿಶಂಕರ್. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂಬ ಅಮೆರಿಕದ ರಾಕ್ ಬ್ಯಾಂಡಿನ ಹೆಸರು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಅವರೂ ಅಲ್ಲಿದ್ದರು. ಬರುತ್ತೇವೆ ಅಂತ ಸಹಿ ಹಾಕಿದ ದೊಡ್ಡ ಬ್ಯಾಂಡ್‌ಗಳಲ್ಲಿ ಮೊದಲನೆಯದೇ ಅವರದು. ಇವರು ಒಪ್ಪಿದ ಮೇಲೆಯೇ ಬೇರೆ ದೊಡ್ಡ ಹೆಸರುಗಳು ಬರತೊಡಗಿದ್ದು.

1969 ಅವರ ವರ್ಷವಾಗಿತ್ತು. ಆ ಒಂದೇ ವರ್ಷದಲ್ಲಿ ಮೂರು ಆಲ್ಬಂ ತಂದರು. ಇದ್ದವರು ನಾಲ್ಕೇ ಜನ. ಹಾಡು ಮತ್ತು ಲೀಡ್ ಗಿಟಾರ್ ಜಾನ್ ಫೋಗರ್ಟಿ, ರಿದಮ್ ಗಿಟಾರ್ ಅವರ ಅಣ್ಣ ಟಾಮ್, ಬೇಸ್ ಸ್ಟೂ ಕುಕ್, ಡ್ರಮ್ಸ್ ಡಗ್ ಕ್ಲಿಫರ್ಡ್. ಕ್ಯಾಲಿಫೋರ್ನಿಯಾದ ಎಲ್ ಸೆರಿಟೊ ಊರಿನ ಹುಡುಗರು. ಹಾಡಿದ್ದು ಮಾತ್ರ ದೂರದ ಲೂಸಿಯಾನಾದ ಜೌಗು ನೆಲ, ನದಿ, ದೋಣಿಗಳ ಬಗ್ಗೆ. ಕೇಳಿದರೆ ಅಲ್ಲೇ ಹುಟ್ಟಿ ಬೆಳೆದವರು ಅನ್ನಿಸುತ್ತದೆ.

ಆಗಸ್ಟ್ 16, ಶನಿವಾರ. ನ್ಯೂಯಾರ್ಕ್ ರಾಜ್ಯದ ಬೆತೆಲ್‌ನಲ್ಲಿ ಮ್ಯಾಕ್ಸ್ ಯಾಸ್ಗರ್ ಎಂಬ ಹೈನುಗಾರರ ಹೊಲ. ಅಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದರು. ಮಳೆಗೆ ನೆಲವೆಲ್ಲ ಕೆಸರು. ಇವರಿಗಿಂತ ಮೊದಲು ಗ್ರೇಟ್‌ಫುಲ್ ಡೆಡ್ ಎಂಬ ಬ್ಯಾಂಡ್ ವೇದಿಕೆ ಹತ್ತಿತ್ತು. ಒದ್ದೆ ವೇದಿಕೆಯಲ್ಲಿ ಗಿಟಾರ್ ಮುಟ್ಟಿದರೆ ಕರೆಂಟ್ ಹೊಡೆಯುತ್ತಿತ್ತು. ಕಾರ್ಯಕ್ರಮ ಎಳೆಯುತ್ತಲೇ ಹೋಯಿತು. ಕ್ರೀಡೆನ್ಸ್ ಸರದಿ ಬರುವಷ್ಟರಲ್ಲಿ ಮಧ್ಯರಾತ್ರಿ ದಾಟಿತ್ತು.

ಜಾನ್ ಫೋಗರ್ಟಿ ಆ ರಾತ್ರಿಯನ್ನು ಆಮೇಲೆ ಎಷ್ಟೋ ಸಲ ನೆನಪಿಸಿಕೊಂಡಿದ್ದಾರೆ. ವೇದಿಕೆಯಿಂದ ನೋಡಿದರೆ ಎದುರಿಗೆ ಬರೀ ಕತ್ತಲೆ. ಮುಂದಿದ್ದವರು ಕೆಸರಲ್ಲೇ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು. ದೂರದಲ್ಲೆಲ್ಲೋ ಒಬ್ಬ ಲೈಟರ್ ಹಚ್ಚಿ, ಚಿಂತೆ ಮಾಡಬೇಡ ಜಾನ್, ನಾವಿದ್ದೇವೆ ಅಂತ ಕೂಗಿದನಂತೆ. ಉಳಿದ ಹಾಡುಗಳನ್ನೆಲ್ಲ ಆ ಒಬ್ಬನಿಗಾಗಿಯೇ ಹಾಡಿದೆ ಅನ್ನುತ್ತಾರೆ ಜಾನ್.

ಆದರೂ ಜಾನ್ ಮನಸ್ಸಿಗೆ ಸಮಾಧಾನವಾಗಲಿಲ್ಲ. ವುಡ್‌ಸ್ಟಾಕ್ ಸಿನಿಮಾಗೆ, ಅದರ ಆಲ್ಬಂಗೆ ನಮ್ಮ ಹಾಡು ಬೇಡ ಅಂದುಬಿಟ್ಟರು. 1970ರಲ್ಲಿ ಎರಡೂ ಹೊರಬಂದವು. ಲೋಕ ಆ ಉತ್ಸವವನ್ನು ನೋಡಿದ್ದು ಅವುಗಳ ಮೂಲಕವೇ, ಅಲ್ವಾ? ಕ್ರೀಡೆನ್ಸ್ ಅಲ್ಲಿ ಹಾಡಿದ್ದರು ಅಂದರೆ ಜನ ಆಶ್ಚರ್ಯಪಡುವ ಹಾಗಾಯಿತು.

ಆದರೆ ಟೇಪ್ ಉಳಿದಿತ್ತು. ಧ್ವನಿಮುದ್ರಣ ನೋಡಿಕೊಂಡವರಲ್ಲಿ ಒಬ್ಬರು ಎಡ್ಡಿ ಕ್ರೇಮರ್. ಎಂಟು ಟ್ರ್ಯಾಕ್‌ಗಳ ಯಂತ್ರ ಬಳಸಿದ್ದರು. ದನಿ ಬೇರೆ, ಗಿಟಾರ್ ಬೇರೆ, ಡ್ರಮ್ಸ್ ಬೇರೆ ಎಂದು ಹಿಡಿದಿಟ್ಟುಕೊಂಡರೆ ಎಷ್ಟು ವರ್ಷ ಕಳೆದ ಮೇಲೂ ಕೂತು ಹದ ಮಾಡಬಹುದು. 1990ರ ದಶಕದಲ್ಲಿ ಕೆಲವು ಹಾಡು ಹೊರಬಂದವು. ಇಡೀ ಕಾರ್ಯಕ್ರಮ, ಹನ್ನೊಂದು ಹಾಡು, ಆಲ್ಬಂ ಆಗಿ ಬಂದದ್ದು 2019ರ ಆಗಸ್ಟ್‌ನಲ್ಲಿ. ಸರಿಯಾಗಿ ಐವತ್ತು ವರ್ಷದ ನಂತರ.

   

ವುಡ್‌ಸ್ಟಾಕ್ ಆಲ್ಬಮ್ಮನ್ನು ನಾನು ರಾತ್ರಿ ಹೊತ್ತು ದೀಪ ಆರಿಸಿ ಕೇಳುತ್ತೇನೆ. ಅದರಲ್ಲಿ ನಿದ್ದೆಯ ಸುಳಿವೇ ಇಲ್ಲ. ಮೊದಲ ಹಾಡು 'ಬಾರ್ನ್ ಆನ್ ದ ಬಯೂ' ಶುರುವಾಗುತ್ತಿದ್ದಂತೆ ಜಾನ್ ದನಿ ಗಂಟಲು ಹರಿಯುವ ಹಾಗೆ ಮೇಲೇಳುತ್ತದೆ. ಡ್ರಮ್ಸ್ ಎದೆಗೇ ಬಡಿಯುತ್ತದೆ. ಕೊನೆಯ ಎರಡು ಹಾಡುಗಳಲ್ಲಿ ಒಂದೊಂದೂ ಹತ್ತು ನಿಮಿಷದ ಆಸುಪಾಸು. ಅಷ್ಟು ಹೊತ್ತೂ ನಾಲ್ವರೂ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾ ನುಡಿಸುತ್ತಾರೆ. ಇದು ಚೆನ್ನಾಗಿದೆ, ಹೊರಗೆ ಬರಬೇಕಿತ್ತು ಅಂತ ಸ್ಟೂ ಕುಕ್ ಮೊದಲಿನಿಂದಲೂ ಹೇಳುತ್ತಿದ್ದರು. ನನ್ನ ಕಿವಿಗೂ ಅವರ ಮಾತೇ ಸರಿ ಅನ್ನಿಸುತ್ತದೆ. ಜಾನ್ ಮೇಲೆ ಸಿಟ್ಟಿಲ್ಲ. ಅವರ ಕಣ್ಣಿಗೆ ಕಂಡದ್ದು ಕತ್ತಲೆ. ಆ ಕತ್ತಲೆ ಮೈಕ್‌ಗಳಿಗೆ ಕಾಣಿಸಿರಲಿಲ್ಲ.

ನೀವು ಕೇಳುವಾಗ ದಯವಿಟ್ಟು ಒಂದು ಸಲ ಟಾಮ್ ಅವರ ಗಿಟಾರನ್ನು ಹಿಂಬಾಲಿಸಿ. ಲೀಡ್ ಗಿಟಾರಿನ ಅಬ್ಬರದ ಅಡಿಯಲ್ಲಿ, ಸ್ವಲ್ಪವೂ ಮುಂದೆ ನುಗ್ಗದೆ, ಒಂದೇ ಸಮ ನಡೆಯುವ ಗಿಟಾರ್ ಅದು. 1971ರಲ್ಲಿ ಟಾಮ್ ಬ್ಯಾಂಡ್ ಬಿಟ್ಟರು. ಮರುವರ್ಷ ಬ್ಯಾಂಡೇ ಮುರಿಯಿತು. ಅಣ್ಣತಮ್ಮಂದಿರ ಮನಸ್ಸೂ ಮುರಿದಿತ್ತು. ಟಾಮ್ 1990ರಲ್ಲಿ ತೀರಿಕೊಂಡರು, ಈ ಆಲ್ಬಂ ಬರುವುದನ್ನು ನೋಡಲಿಲ್ಲ. ಆದರೆ ಆ ರಾತ್ರಿ, ಕೊನೆಯ ಹಾಡು 'ಸೂಸಿ ಕ್ಯೂ' ಮುಗಿಯುವ ತನಕ, ಅವರು ತಮ್ಮನ ಪಕ್ಕದಲ್ಲೇ ನಿಂತು ನುಡಿಸುತ್ತಿದ್ದಾರೆ.

ನಮಸ್ಕಾರ.