ಒಳಗಿನ ದ್ರವ ಸುಮ್ನೆ ಕೂರುವುದಿಲ್ಲ

ನಮಸ್ಕಾರ. ಪಿಯುಸಿಯಲ್ಲಿ ಫಿಸಿಕ್ಸ್ ಓದಿದವರಿಗೆಲ್ಲ ಒಂದು ಸಾಲು ಬಾಯಿಪಾಠ: ‘ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.’ ಹಿಡಿಯದಿದ್ದರೆ ಲೆಕ್ಕ ಸಲೀಸು, ಮಾರ್ಕ್ಸೂ ಬರುತ್ತದೆ. ನನಗೆ ಈ ಸಾಲಿನ ಮೇಲೆ ಬಹಳ ದಿನದ ತಕರಾರಿದೆ. ಗಿರ್ರನೆ ತಿರುಗುವ ವಸ್ತುವಿನ ಒಳಗೆ ದ್ರವ ಇದ್ದರೆ, ಘರ್ಷಣೆಯಲ್ಲಿ ಸೋರಿಹೋಗುವ ಚೂರುಪಾರು ಶಕ್ತಿಯೇ ಕೊನೆಗೆ ಆ ವಸ್ತು ಯಾವ ಕಡೆ ತಿರುಗಬೇಕು ಅಂತ ತೀರ್ಮಾನಿಸುತ್ತದೆ. ಅದನ್ನು ಬಿಟ್ಟು ಲೆಕ್ಕ ಮಾಡಿದರೆ ಉತ್ತರವೇ ಅಡ್ಡಬೀಳುತ್ತದೆ. ಅಕ್ಷರಶಃ ಅಡ್ಡ.

ಅಡುಗೆಮನೆ ಕಟ್ಟೆಯಿಂದ ಶುರು ಮಾಡೋಣ. ಒಂದು ಬೇಯಿಸಿದ ಮೊಟ್ಟೆ, ಒಂದು ಹಸಿ ಮೊಟ್ಟೆ. (ಮೊಟ್ಟೆ ತಿನ್ನದವರು ಪಕ್ಕದ ಮನೆಯಿಂದ ಎರವಲು ತನ್ನಿ, ಒಡೆಯದೆ ವಾಪಸ್ ಕೊಡಬಹುದು, ಬೇಯಿಸಿದ್ದನ್ನು ಮಾತ್ರ ಹೇಳಿ ಕೊಡಿ.) ಎರಡನ್ನೂ ಮಲಗಿಸಿ ತಿರುಗಿಸಿ. ಬೆಂದದ್ದು ಜೋರಾಗಿ ಸುತ್ತುತ್ತದೆ. ಹಸಿಯದು ಸೋಮಾರಿ. ನಿಮ್ಮ ಬೆರಳು ತಿರುಗಿಸಿದ್ದು ಚಿಪ್ಪನ್ನು ಮಾತ್ರ. ಒಳಗಿನ ಲೋಳೆ ಇದ್ದಲ್ಲೇ ಇದೆ. ಚಿಪ್ಪು ಅದನ್ನು ಪದರ ಪದರವಾಗಿ ಎಳೆದುಕೊಳ್ಳಬೇಕು, ಎಳೆಯುವಾಗ ತನ್ನ ವೇಗ ಕಳೆದುಕೊಳ್ಳಬೇಕು. ಈಗ ತಿರುಗುತ್ತಿರುವ ಹಸಿ ಮೊಟ್ಟೆಯನ್ನು ಒಂದು ಬೆರಳಲ್ಲಿ ಒತ್ತಿ ನಿಲ್ಲಿಸಿ, ತಕ್ಷಣ ಬಿಡಿ. ಅದು ತಾನಾಗಿ ಮತ್ತೆ ನಿಧಾನಕ್ಕೆ ಸುತ್ತಲು ಶುರು ಮಾಡುತ್ತದೆ. ನೀವು ನಿಲ್ಲಿಸಿದ್ದು ಚಿಪ್ಪನ್ನು, ಒಳಗಿನ ಲೋಳೆ ಇನ್ನೂ ನಿಂತಿರಲಿಲ್ಲ.

ಚಿಪ್ಪಿಗೂ ದ್ರವಕ್ಕೂ ವೇಗದಲ್ಲಿ ವ್ಯತ್ಯಾಸ ಇದ್ದಷ್ಟು ಹೊತ್ತು ಅವೆರಡೂ ತಿಕ್ಕಾಡುತ್ತಿರುತ್ತವೆ. ಶಕ್ತಿ ಶಾಖವಾಗಿ ಹೋಗುತ್ತದೆ. ಇದೆಲ್ಲ ನಡೆಯುವುದು ಗೋಡೆಗೆ ಅಂಟಿಕೊಂಡ ತೆಳು ಪದರದಲ್ಲಿ. ಆದರೆ ಆ ಪದರವನ್ನು ಕಡಿಮೆ ಅಂದುಕೊಳ್ಳಬೇಡಿ. ಲೋಟದ ಟೀ ಕಲಕಿ ಚಮಚ ತೆಗೆಯಿರಿ. ಬರೀ ಅಂಟುತನದಿಂದಲೇ ಸುತ್ತು ನಿಲ್ಲಬೇಕಿದ್ದರೆ ಹಲವು ನಿಮಿಷ ಬೇಕು. ನಿಜದಲ್ಲಿ ಅರ್ಧ ನಿಮಿಷದ ಆಸುಪಾಸಿನಲ್ಲೇ ಬಹುಪಾಲು ಇಳಿದುಹೋಗುತ್ತದೆ. ತಳದ ಪದರ ನಿಧಾನವಾಗಿ, ದ್ರವವನ್ನು ನಡುವಿಗೆ ಎಳೆದು, ಮೇಲಕ್ಕೆ ತಳ್ಳಿ, ಇಡೀ ಲೋಟವನ್ನೇ ಒಂದು ಸುತ್ತು ಕಲಕಿಬಿಡುತ್ತದೆ. ಟೀ ಸೊಪ್ಪು ತಳದ ಮಧ್ಯೆ ಗುಡ್ಡೆ ಬೀಳುವುದೂ ಇದರಿಂದಲೇ. 1926ರಲ್ಲಿ ಐನ್‌ಸ್ಟೈನ್ ಈ ಟೀ ಸೊಪ್ಪನ್ನು ಹಿಡಿದುಕೊಂಡೇ ನದಿಗಳು ಯಾಕೆ ಅಂಕುಡೊಂಕಾಗಿ ಹರಿಯುತ್ತವೆ ಅಂತ ವಿವರಿಸಿದರು.

ಈಗ ಇದನ್ನೇ ಬಾಹ್ಯಾಕಾಶಕ್ಕೆ ಒಯ್ಯೋಣ. ಅಲ್ಲಿ ಕಟ್ಟೆ ಇಲ್ಲ, ಗಾಳಿ ಇಲ್ಲ, ಹಿಡಿದು ನಿಲ್ಲಿಸುವವರಿಲ್ಲ. ಹಾಗಾಗಿ ಕೋನೀಯ ಸಂವೇಗ (ಜಡತ್ವವನ್ನು ಸುತ್ತುವ ವೇಗದಿಂದ ಗುಣಿಸಿದರೆ ಸಿಗುವ ಮೊತ್ತ) ಇದ್ದಷ್ಟೇ ಇರುತ್ತದೆ. ಶಕ್ತಿಗೆ ಮಾತ್ರ ಆ ಕಟ್ಟುಪಾಡಿಲ್ಲ, ಅದು ಒಳಗೊಳಗೇ ಶಾಖವಾಗಿ ಕರಗಬಹುದು. ಪೆನ್ಸಿಲ್ ಆಕಾರದ ಉಪಗ್ರಹವೊಂದು ತನ್ನ ಉದ್ದದ ಅಕ್ಷದ ಸುತ್ತ ನಿಮಿಷಕ್ಕೆ 100 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಅಡ್ಡಡ್ಡ ತಿರುಗುವಾಗ ಅದರ ಜಡತ್ವ, ಅಂದರೆ ತಿರುಗಿಸಲು ಒಡ್ಡುವ ಅಡ್ಡಿ, ಉದ್ದದ ಅಕ್ಷದ ಸುತ್ತ ಇರುವುದರ 10 ಪಟ್ಟು ಅನ್ನೋಣ. ಅದೇ ಕೋನೀಯ ಸಂವೇಗದಲ್ಲಿ ಅಡ್ಡ ತಿರುಗಿದರೆ ನಿಮಿಷಕ್ಕೆ 10 ಸುತ್ತು ಸಾಕು, ಶಕ್ತಿಯೂ ಹತ್ತರಲ್ಲಿ ಒಂದು ಪಾಲು ಸಾಕು. ಉಳಿದ ಒಂಬತ್ತು ಪಾಲನ್ನು ಖರ್ಚು ಮಾಡುವ ಕೈ ಒಳಗೆ ಇದ್ದರೆ ಆಯಿತು. ಮೊದಲು ಚೂರು ಓಲಾಟ. ಓಲಾಟಕ್ಕೆ ದ್ರವ ಅತ್ತಿತ್ತ ತುಳುಕುತ್ತದೆ. ತುಳುಕಿದಾಗ ಶಕ್ತಿ ಕಡಿಮೆ, ಶಕ್ತಿ ಕಡಿಮೆಯಾದಷ್ಟೂ ಓಲಾಟ ಜಾಸ್ತಿ. ಕೊನೆಗೆ ಉಪಗ್ರಹ ಪೂರ್ತಿ ಅಡ್ಡಬಿದ್ದು ಫ್ಯಾನಿನ ರೆಕ್ಕೆಯ ಹಾಗೆ ಸುತ್ತುತ್ತದೆ.

1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1 ಹೀಗೇ ಅಡ್ಡಬಿತ್ತು. ಅಲ್ಲಿ ಶಕ್ತಿ ತಿಂದದ್ದು ಬಳುಕುವ ತಂತಿ ಆಂಟೆನಾಗಳು, ದ್ರವವಲ್ಲ. ಸರಿ, ಮೊದಲ ಸಲ, ಬಿಡಿ. ಆದರೆ 1969ರ ಆಗಸ್ಟ್ 12ರಂದು ನಾಸಾ ಹಾರಿಸಿದ ಎಟಿಎಸ್-5 ಉಪಗ್ರಹಕ್ಕೆ ಏನು ಹೇಳೋಣ? ಆ ಹೊತ್ತಿಗೆ ನಿಯಮ ಎಲ್ಲರಿಗೂ ಗೊತ್ತಿತ್ತು. ಓಲಾಟ ತಡೆಯುವ ವ್ಯವಸ್ಥೆಯೂ ಇತ್ತು. ಆದರೂ ಓಲಾಟ ಅಂದಾಜಿಗಿಂತ ಬೇಗ ಬೆಳೆಯಿತು, ತಡೆಯಲು ಇಂಧನ ವಿಪರೀತ ಖರ್ಚಾಯಿತು. ಗಾಬರಿಯಲ್ಲಿ, ಕಕ್ಷೆಗೆ ಸೇರಿಸುವ ರಾಕೆಟ್ ಮೋಟಾರನ್ನು ಮೊದಲೇ ಉರಿಸಿದರು. ಕಕ್ಷೆ ಸಿಕ್ಕಿತು, ಉಪಗ್ರಹ ಅಡ್ಡಬಿತ್ತು. ಖಾಲಿ ಮೋಟಾರನ್ನು ಕಳಚಿದ ಮೇಲೆ ನೆಟ್ಟಗಾಯಿತು ನಿಜ, ಆದರೆ ಸುತ್ತುತ್ತಿದ್ದದ್ದು ಉಲ್ಟಾ ದಿಕ್ಕಿಗೆ! ಉದ್ದನೆಯ ಕಡ್ಡಿಗಳನ್ನು ಚಾಚಿ ಭೂಮಿಯ ಗುರುತ್ವದಿಂದಲೇ ಸ್ಥಿರವಾಗಿ ನಿಲ್ಲುವ ಮುಖ್ಯ ಪ್ರಯೋಗ ಅಲ್ಲಿಗೆ ಮುಗಿಯಿತು. ತಪ್ಪಿತಸ್ಥ ಯಾರು? ಶಾಖ ಸಾಗಿಸಲು ಇಟ್ಟಿದ್ದ ಹೀಟ್ ಪೈಪ್‌ಗಳೊಳಗಿನ ಒಂದಿಷ್ಟು ದ್ರವ. ಇಂಧನದ ಟ್ಯಾಂಕಿನ ಮೇಲೆ ಎಲ್ಲರ ಕಣ್ಣಿರುತ್ತದೆ, ಕೊಳವೆಯನ್ನು ಯಾರು ನೋಡುತ್ತಾರೆ?

ಹಾಗಾದರೆ ದ್ರವ ಖಳನಾಯಕನಾ? ನನ್ನ ಪ್ರಕಾರ ಅಲ್ಲ. ಉಪಗ್ರಹ ಡಬ್ಬಿಯ ಹಾಗೆ ಗಿಡ್ಡವಾಗಿ ಅಗಲವಾಗಿದ್ದರೆ ಅದೇ ಸೋರಿಕೆ ಉಪಕಾರಿ. ಆಗ ನೆಟ್ಟಗೆ ತಿರುಗುವುದೇ ಅತಿ ಕಡಿಮೆ ಶಕ್ತಿಯ ಸ್ಥಿತಿ, ಶಕ್ತಿ ಕಳೆದಷ್ಟೂ ಓಲಾಟ ಅಡಗುತ್ತದೆ. ಅದಕ್ಕೇ ಎಷ್ಟೋ ಉಪಗ್ರಹಗಳಲ್ಲಿ ಬೇಕಂತಲೇ ಪಾದರಸ ತುಂಬಿದ ಬಳೆಯಂಥ ಕೊಳವೆ ಇಡುತ್ತಿದ್ದರು. ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿ 1975ರ ಏಪ್ರಿಲ್ 19ರಂದು ಹಾರಿದ ನಮ್ಮ ಆರ್ಯಭಟದ ಫೋಟೋ ನೋಡಿದ್ದೀರಲ್ವಾ? 26 ಮುಖ, 360 ಕೆಜಿ, ಗಿಡ್ಡ ದುಂಡನೆ ಆಕಾರ. ಅದೂ ತಿರುಗುತ್ತಲೇ ಸ್ಥಿರವಾಗಿರಬೇಕಿದ್ದ ಉಪಗ್ರಹ. ಆ ಗಿಡ್ಡ ಮೈ ಬರೀ ಚೆಂದಕ್ಕಲ್ಲ. ಅಷ್ಟೇ ಯಾಕೆ, ಹೊಟ್ಟೆಯಲ್ಲಿ ಕರಗಿದ ಕಬ್ಬಿಣ ತುಂಬಿಕೊಂಡು ತಿರುಗುವ ಭೂಮಿಯೂ ಅಡ್ಡಬೀಳದಿರುವುದು ಅದರ ನಡು ದಪ್ಪಗಿರುವುದರಿಂದ.

ನನ್ನ ಬೇಡಿಕೆ ದೊಡ್ಡದೇನಲ್ಲ. ಕೋನೀಯ ಸಂವೇಗದ ಪಾಠದಲ್ಲಿ ಒಂದೇ ಒಂದು ಲೆಕ್ಕ ಸೇರಿಸಿ: ‘ಈ ಉಪಗ್ರಹ ಅಡ್ಡಬಿದ್ದಾಗ ಎಷ್ಟು ಶಕ್ತಿ ಶಾಖವಾಯಿತು?’ ಎರಡು ಸಾಲಿನಲ್ಲಿ ಮುಗಿಯುತ್ತದೆ. ಎಷ್ಟು ಹೊತ್ತಲ್ಲಿ ಅಡ್ಡಬೀಳುತ್ತದೆ ಅನ್ನುವ ಪ್ರಶ್ನೆ ಮಾತ್ರ ಮಕ್ಕಳಿಗೆ ಬೇಡ. ಅರೆ ತುಂಬಿದ ಟ್ಯಾಂಕಿನೊಳಗೆ ದ್ರವ ಹೇಗೆ ತುಳುಕುತ್ತದೆ ಅನ್ನುವುದು ಬರೀ ಸಮೀಕರಣಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಎಂಜಿನಿಯರುಗಳು ಟ್ಯಾಂಕಿನ ಮಾದರಿ ಮಾಡಿ, ದ್ರವ ತುಂಬಿ, ಗಿರ್ರನೆ ತಿರುಗಿಸಿ, ಎತ್ತರದಿಂದ ಕೆಳಕ್ಕೆ ಬಿಟ್ಟಿದ್ದಾರೆ. ಬೀಳುವ ಆ ಒಂದೆರಡು ಸೆಕೆಂಡಿನಲ್ಲಿ ತೂಕವಿಲ್ಲದ ಸ್ಥಿತಿ ಸಿಗುತ್ತದೆ. ಅಷ್ಟರಲ್ಲಿ ಓಲಾಟ ಎಷ್ಟು ಬೆಳೆಯಿತು ಅಂತ ಅಳೆದುಕೊಂಡು, ಕೆಳಗೆ ಬಲೆ ಹಾಸಿಯೋ ಮೆತ್ತೆ ಹಾಕಿಯೋ ಹಿಡಿದು, ಮತ್ತೆ ಮೇಲೆ ಹತ್ತಿಸುತ್ತಾರೆ.