ಮೈಲಿ ಓಡಿದ ತಾಬೋರಿ, ಮ್ಯಾರಥಾನ್ ಓಡಿಸಿದ ತಾಬೋರಿ

ಎಲ್ಲರಿಗೂ ನಮಸ್ಕಾರ.

ಮೈಲಿ ಓಟವನ್ನು ನಾಲ್ಕು ನಿಮಿಷದೊಳಗೆ ಮೊದಲು ಮುಗಿಸಿದ್ದು ರೋಜರ್ ಬ್ಯಾನಿಸ್ಟರ್, 1954ರಲ್ಲಿ. ಇದು ನಿಮಗೆಲ್ಲ ಗೊತ್ತು. ಎರಡನೆಯವರು ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ. ಅಲ್ಲಿಗೆ ನಮ್ಮ ನೆನಪು ನಿಂತುಬಿಡುತ್ತದೆ. ನಾನು ಮಾತಾಡಲು ಬಂದಿರುವುದು ಮೂರನೆಯವರ ಬಗ್ಗೆ. ಹೆಸರು ಲಾಸ್ಲೊ ತಾಬೋರಿ, ಹಂಗೇರಿಯವರು.

1955ರ ಮೇ 28, ಲಂಡನ್ನಿನ ವೈಟ್ ಸಿಟಿ ಕ್ರೀಡಾಂಗಣ. ಕಣದಲ್ಲಿ ಬ್ರಿಟನ್ನಿನ ಕ್ರಿಸ್ ಚಾಟವೇ ಇದ್ದರು. ಬ್ಯಾನಿಸ್ಟರ್ ದಾಖಲೆ ಮಾಡಿದ ದಿನ ಮುಂದೆ ಓಡಿ ವೇಗ ಕಾಯ್ದುಕೊಟ್ಟವರಲ್ಲಿ ಇವರೂ ಒಬ್ಬರು. ಬ್ರಿಯಾನ್ ಹ್ಯೂಸನ್ ಕೂಡ ಇದ್ದರು. ಇಬ್ಬರೂ 3 ನಿಮಿಷ 59.8 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಬೇರೆ ದಿನವಾಗಿದ್ದರೆ ಅದೇ ದೊಡ್ಡ ಸುದ್ದಿ. ಆದರೆ ಅವರಿಗಿಂತ ಮೊದಲೇ ತಾಬೋರಿ 3:59.0ಕ್ಕೆ ಮುಗಿಸಿಯಾಗಿತ್ತು! ಒಂದೇ ಓಟದಲ್ಲಿ ಮೂವರು ನಾಲ್ಕು ನಿಮಿಷದೊಳಗೆ ಬಂದದ್ದು ಅದೇ ಮೊದಲು.

ತಾಬೋರಿ ಒಬ್ಬರೇ ಆಗಿದ್ದರೆ ಅದೃಷ್ಟ ಅನ್ನಬಹುದಿತ್ತು. ಬುಡಾಪೆಸ್ಟಿನ ಹೊನ್ವೆದ್ ಸೇನಾ ಕ್ಲಬ್ಬಿನಲ್ಲಿ ಇಂಥವರು ಮೂವರಿದ್ದರು: ತಾಬೋರಿ, ಶಾಂಡೋರ್ ಇಹಾರೋಷ್, ಇಶ್ತ್ವಾನ್ ರೋಜಾವೋಲ್ಜಿ. 1955 ಮತ್ತು 56ರಲ್ಲಿ 1,500 ಮೀಟರಿನಿಂದ 10,000 ಮೀಟರಿನವರೆಗೆ ವಿಶ್ವದಾಖಲೆಗಳನ್ನು ಇವರು ಒಂದೊಂದಾಗಿ ಬರೆಸಿಕೊಳ್ಳುತ್ತಾ ಹೋದರು. ಮೂವರಿಗೂ ಕೋಚ್ ಒಬ್ಬರೇ, ಮಿಹಾಯ್ ಇಗ್ಲೋಯಿ. ಅವರೂ 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ 1,500 ಮೀಟರ್ ಓಡಿದ್ದವರು.

ಇಗ್ಲೋಯಿ ಅಭ್ಯಾಸ ಹೇಗಿತ್ತು? ದಿನಕ್ಕೆ ಎರಡು ಸಲ ಓಟ. ಆದರೆ ಉದ್ದ ಓಟ ಕಡಿಮೆ. 100, 150, 200 ಮೀಟರಿನ ತುಂಡುಗಳೇ ಜಾಸ್ತಿ. ನಡುವೆ ಸ್ವಲ್ಪ ದೂರ ನಿಧಾನಕ್ಕೆ ಜಾಗಿಂಗ್, ಮತ್ತೆ ಇನ್ನೊಂದು ತುಂಡು. ಎಷ್ಟು ಸೆಕೆಂಡಿನಲ್ಲಿ ಓಡಬೇಕು ಅಂತ ಯಾವಾಗಲೂ ಹೇಳುತ್ತಿರಲಿಲ್ಲ. ಹಗುರವಾಗಿ, ಚುರುಕಾಗಿ, ಜೋರಾಗಿ, ಹೀಗೆ ಹಂತಗಳಿದ್ದವು. ಕೋಚ್ ಪಕ್ಕದಲ್ಲಿ ನಿಂತು ಓಟಗಾರನ ಉಸಿರು ನೋಡುತ್ತಾರೆ, ಕಾಲು ಬೀಳುವ ರೀತಿ ನೋಡುತ್ತಾರೆ, ಮುಂದಿನ ಸೆಟ್, ಅಂದರೆ ಮುಂದಿನ ತುಂಡುಗಳ ಗುಂಪು, ಏನು ಅಂತ ಆಗ ಹೇಳುತ್ತಾರೆ. ಗೋಡೆಗೆ ಅಂಟಿಸಿದ ವೇಳಾಪಟ್ಟಿ ನೋಡಿ ಸುಮ್ನೆ ಓಡಿಬಿಡುವ ಪದ್ಧತಿ ಇದಲ್ಲ. ಇದರ ತೊಂದರೆಯೂ ಅಲ್ಲೇ ಇದೆ. ಕೋಚ್ ಇಲ್ಲದಿದ್ದರೆ ಓಟಗಾರನಿಗೆ ದಿಕ್ಕೇ ತೋಚುವುದಿಲ್ಲ.

1956ರ ಅಕ್ಟೋಬರಿನಲ್ಲಿ ಬುಡಾಪೆಸ್ಟಿನಲ್ಲಿ ಸೋವಿಯತ್ ಬೆಂಬಲದ ಸರ್ಕಾರದ ವಿರುದ್ಧ ದಂಗೆ ಎದ್ದಿತು. ನವೆಂಬರಿನಲ್ಲಿ ಸೋವಿಯತ್ ಟ್ಯಾಂಕುಗಳು ಅದನ್ನು ತುಳಿದುಹಾಕಿದವು. ಅದೇ ತಿಂಗಳು ಮೆಲ್ಬೋರ್ನ್ ಒಲಿಂಪಿಕ್ಸ್ ಶುರುವಾಯಿತು. ಮನೆಯವರ ಸ್ಥಿತಿ ಏನೋ ಅನ್ನುವ ಚಿಂತೆಯಲ್ಲಿ ಯಾರು ತಾನೇ ಓಡಿಯಾರು? ಇಹಾರೋಷ್ ಅಲ್ಲಿಗೆ ಹೋಗಲೇ ಇಲ್ಲ. ರೋಜಾವೋಲ್ಜಿ ಫೈನಲ್ ತಲುಪಲಿಲ್ಲ. ತಾಬೋರಿ 1,500 ಮೀಟರಿನಲ್ಲಿ ನಾಲ್ಕನೆಯವರು, 5,000ದಲ್ಲಿ ಆರನೆಯವರು. ಆಮೇಲೆ ಅವರು ಊರಿಗೆ ಮರಳಲಿಲ್ಲ. ಇಗ್ಲೋಯಿ ಮತ್ತು ತಾಬೋರಿ ಇಬ್ಬರೂ ಅಮೆರಿಕ ಸೇರಿದರು.

1960ರ ರೋಮ್ ಒಲಿಂಪಿಕ್ಸ್ ಬಂದಾಗ ತಾಬೋರಿಗೆ ವಯಸ್ಸು 29. ಓಡುವ ಶಕ್ತಿ ಇತ್ತು. ಆದರೆ ಹಂಗೇರಿ ಬಿಟ್ಟಾಗಿತ್ತು, ಅಮೆರಿಕದ ಪೌರತ್ವ ಇನ್ನೂ ಸಿಕ್ಕಿರಲಿಲ್ಲ. ಯಾವ ದೇಶದ ಪರವಾಗಿ ಓಡುವುದು? ಊರಿಗೆ ವಾಪಸಾಗಿದ್ದ ರೋಜಾವೋಲ್ಜಿ ಅದೇ 1,500 ಮೀಟರಿನಲ್ಲಿ ಕಂಚು ಗೆದ್ದರು. ಈ ಒಂದು ಸಾಲು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. 1962ರಲ್ಲಿ ತಾಬೋರಿ ಓಟ ನಿಲ್ಲಿಸಿದರು.

ಎರಡನೇ ಬದುಕು ಲಾಸ್ ಏಂಜಲೀಸ್ ಕಡೆಯದು. ಬರ್ಬ್ಯಾಂಕಿನಲ್ಲಿ ಓಟದ ಶೂಗಳ ಅಂಗಡಿ ಇಟ್ಟರು. ಲಾಸ್ ಏಂಜಲೀಸ್ ವ್ಯಾಲಿ ಕಾಲೇಜಿನಲ್ಲಿ, ಸ್ಯಾನ್ ಫರ್ನಾಂಡೊ ವ್ಯಾಲಿ ಟ್ರ್ಯಾಕ್ ಕ್ಲಬ್ಬಿನಲ್ಲಿ ಕೋಚ್ ಆದರು. ಕಲಿಸಿದ್ದು ಇಗ್ಲೋಯಿ ಕಲಿಸಿದ್ದನ್ನೇ. ಅವೇ ಸಣ್ಣ ತುಂಡುಗಳು, ಅದೇ ಪಕ್ಕದಲ್ಲಿ ನಿಂತು ನೋಡುವ ಕಣ್ಣು. ಬದಲಾಗಿದ್ದು ಶಿಷ್ಯರು. ಇಗ್ಲೋಯಿ ಹೆಸರು ಮಾಡಿದ್ದು ಟ್ರ್ಯಾಕ್ ಓಟದ ಗಂಡಸರಿಂದ. ತಾಬೋರಿ ಹೆಸರು ಉಳಿದದ್ದು ಮ್ಯಾರಥಾನ್ ಓಡಿದ ಹೆಂಗಸರಿಂದ.

ಬಾಸ್ಟನ್ ಮ್ಯಾರಥಾನಿಗೆ ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡಿದ್ದೇ 1972ರಲ್ಲಿ. ಮರುವರ್ಷವೇ ತಾಬೋರಿ ಶಿಷ್ಯೆ ಜಾಕ್ವೆಲಿನ್ ಹ್ಯಾನ್ಸನ್ ಅದನ್ನು ಗೆದ್ದರು. 1975ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ ಅವರ ಸಮಯ 2 ಗಂಟೆ 38 ನಿಮಿಷ 19 ಸೆಕೆಂಡ್. 2:40ರೊಳಗೆ ಓಡಿದ ಮೊದಲ ಹೆಂಗಸು ಅವರೇ. ಇನ್ನೊಬ್ಬ ಶಿಷ್ಯೆ ಮಿಕಿ ಗೋರ್ಮನ್. 1977ರಲ್ಲಿ, ನಲವತ್ತು ದಾಟಿದ ಮೇಲೆ, ಬಾಸ್ಟನ್ ಮತ್ತು ನ್ಯೂಯಾರ್ಕ್ ಎರಡನ್ನೂ ಒಂದೇ ವರ್ಷ ಗೆದ್ದರು. ನಲವತ್ತೆರಡು ಕಿಲೋಮೀಟರ್ ಓಡುವವರಿಗೆ 100, 200 ಮೀಟರಿನ ತುಂಡು ಓಡಿಸಿದರೆ ಏನು ಬಂತು ಅಂತ ಈಗಲೂ ಕೇಳುವವರಿದ್ದಾರೆ, ಅಲ್ವಾ? ಅವರಿಗೆ ಈ ಎರಡು ಹೆಸರು ಹೇಳಿ.

ಹ್ಯಾನ್ಸನ್ ಅಷ್ಟು ವೇಗವಾಗಿ ಓಡುತ್ತಿದ್ದಾಗ ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನೇ ಇರಲಿಲ್ಲ. ಗುರುವಿಗೆ ಓಟ ಇತ್ತು, ದೇಶ ಇರಲಿಲ್ಲ. ಶಿಷ್ಯೆಗೆ ದೇಶ ಇತ್ತು, ಓಟ ಇರಲಿಲ್ಲ. ಹ್ಯಾನ್ಸನ್ ಸುಮ್ಮನೆ ಕೂರಲಿಲ್ಲ. ಆ ಓಟವನ್ನು ಸೇರಿಸಿ ಅಂತ ಹೋರಾಡಿದವರ ಮುಂಚೂಣಿಯಲ್ಲಿ ನಿಂತರು. ಕೊನೆಗೆ 1984ರಲ್ಲಿ ಅದು ಸೇರಿತು. ಒಲಿಂಪಿಕ್ಸ್ ನಡೆದದ್ದು ತಾಬೋರಿ ಕೋಚಿಂಗ್ ಮಾಡುತ್ತಿದ್ದ ಲಾಸ್ ಏಂಜಲೀಸಿನಲ್ಲೇ.

ತಾಬೋರಿ 2018ರಲ್ಲಿ ತೀರಿಕೊಂಡರು. ಇಲ್ಲಿರುವ ಕೋಚ್‌ಗಳಿಗೆ ಆ ಸೆಟ್‌ಗಳ ಬಗ್ಗೆ ಇನ್ನಷ್ಟು ಕೇಳುವುದಿರಬಹುದು. ಈಗ ಕೇಳಿ, ಗೊತ್ತಿರುವಷ್ಟು ಹೇಳುತ್ತೇನೆ.