ಹಿಂದಿನ ಗೀರು ಹೋಯಿತಾ?

ಕೇಳುಗರಿಗೆ ನಮಸ್ಕಾರ.

ಈಗ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಹೊಲಿಯುವವರು ಹೊಲಿಯುತ್ತಿದ್ದಾರೆ, ಎಂಜಿನ್ ಬಿಚ್ಚುವವರು ಬಿಚ್ಚುತ್ತಿದ್ದಾರೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರಿಗಂತೂ ಅಂಗಳಕ್ಕೆ ಇಳಿಯುವುದೇ ಕಷ್ಟ. ಕೈಗೊಂದು ಕೆಲಸ ಬೇಕು, ಅಲ್ವಾ? ಅದಕ್ಕೇ ಇವತ್ತು, ಮನೆಯಲ್ಲೇ ಕುಳಿತು ಲೋಹವನ್ನು ಕನ್ನಡಿ ಮಾಡುವುದು ಹೇಗೆ ಅಂತ ಹೇಳುತ್ತೇನೆ. ಬುಲೆಟ್ ಬೈಕಿನ ಎಂಜಿನ್ ಕವರ್ ಇರಲಿ, ಬಾಗಿಲಿನ ಹಿತ್ತಾಳೆ ಹಿಡಿಕೆ ಇರಲಿ, ದೋಣಿಯ ಗಂಟೆ ಇರಲಿ, ಕ್ರಮ ಒಂದೇ.

ಹೇಳುವ ಮಾತೂ ಒಂದೇ. ಉಪ್ಪುಕಾಗದದಿಂದ ಉಜ್ಜುವಾಗ, ಹಿಂದಿನ ಕಾಗದದ ಗೀರು ಪೂರ್ತಿ ಹೋಗುವ ತನಕ ಮುಂದಿನ ಕಾಗದ ಮುಟ್ಟಬೇಡಿ. ಬರೆದುಕೊಳ್ಳುವವರು ಇಷ್ಟು ಬರೆದುಕೊಂಡರೆ ಸಾಕು.

'ನಾವು ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ, ಫಳಫಳ ಅನ್ನುತ್ತದೆ' ಅಂತ ತಾಯಂದಿರು ಹೇಳಬಹುದು. ನಿಜ. ಹುಣಸೆಹಣ್ಣಾಗಲಿ, ಮುರುಗಲ ಸಿಪ್ಪೆಯಾಗಲಿ, ಅದರ ಹುಳಿ ಹಿತ್ತಾಳೆಯ ಮೇಲಿನ ಕಪ್ಪನ್ನು ಕರಗಿಸುತ್ತದೆ. ಗೀರನ್ನು ಕರಗಿಸುವುದಿಲ್ಲ. ಹೊಳಪು ಬೇರೆ, ಕನ್ನಡಿ ಬೇರೆ.

ಕಾರವಾರದವರು ಗಾಳಿ ಏಳುವ ಮೊದಲು ಕಾಳಿ ನದಿ ನೋಡಿರುತ್ತೀರಿ. ಸದಾಶಿವಗಡದ ಗುಡ್ಡ ತಲೆಕೆಳಗಾಗಿ ನೀರಿನಲ್ಲಿ ನಿಂತಿರುತ್ತದೆ. ಗಾಳಿ ಎದ್ದ ಮೇಲೆ ನೋಡಿ. ನೀರು ಅದೇ, ಬಿಸಿಲು ಇನ್ನೂ ಜಾಸ್ತಿ, ಆದರೆ ಗುಡ್ಡ ಇಲ್ಲ. ಬರೀ ಮಿಣಿಮಿಣಿ. ಲೋಹದ ಮೇಲಿನ ಗೀರುಗಳೂ ಹಾಗೆಯೇ, ಅಲುಗಾಡದ ಅಲೆಗಳು. ಒಂದೊಂದು ಗೀರೂ ಬೆಳಕನ್ನು ಒಂದೊಂದು ಕಡೆಗೆ ಚೆಲ್ಲುತ್ತದೆ. ಅಲೆ ಅಡಗಿದರೆ ನಿಮ್ಮ ಮುಖ ಕಾಣುತ್ತದೆ.

ಅಲೆ ಅಡಗಿಸುವುದಕ್ಕೆ ಬೇಕಾಗುವುದು ಉಪ್ಪುಕಾಗದ. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಅಂತ ಕೇಳಿ, ಕಪ್ಪಗಿನದು ಕೊಡುತ್ತಾರೆ. ಹಿಂದೆ ನಂಬರ್ ಬರೆದಿರುತ್ತದೆ. ನಂಬರ್ ದೊಡ್ಡದಾದಷ್ಟೂ ಕಾಗದದ ಮೇಲಿನ ಕಾಳು ಸಣ್ಣದು, ಅದು ಬಿಡುವ ಗೀರೂ ಸಣ್ಣದು. 220ರ ಕಾಳು ಸುಮಾರು ಒಂದು ತಲೆಗೂದಲಿನಷ್ಟು ದಪ್ಪ. 2000ದ್ದು ಅದರ ಆರೇಳರಲ್ಲೊಂದು ಪಾಲು. 220, 320, 400, 600, 800, 1000, 1500, 2000. ಎಂಟು ಕಾಗದ, ಎಂಟು ಮೆಟ್ಟಿಲು. 'ನಡುವೆ ಎರಡು ಬಿಟ್ಟರೆ ಏನಾಗುತ್ತದೆ ಸರ್?' ಅಂತ ನಾನು ಕಲಿಸುತ್ತಿದ್ದ ಹುಡುಗರು ವರ್ಷವೂ ಕೇಳುತ್ತಿದ್ದರು. ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ನಾನಾಗ ಐಟಿಐಯಲ್ಲಿ ಫಿಟ್ಟರ್ ಕಲಿಯುತ್ತಿದ್ದೆ. ಶಿರಸಿ ಹತ್ತಿರದ ನಮ್ಮೂರಿನಲ್ಲಿ ಅಕ್ಕನ ಮದುವೆ. ಮನೆಯಲ್ಲೊಂದು ಹಳೇ ಹಿತ್ತಾಳೆ ಹರಿವಾಣ ಇತ್ತು. ಅಗಲವಾದದ್ದು, ಅಡಿ ಸಪಾಟು. ಆರತಿಗೆ ಅದೇ ಬೇಕು ಅಂತ ಅಜ್ಜಿಯ ಹಟ. ನಡುವೆ ಒಂದೆರಡು ಆಳವಾದ ಕಲೆ. 'ನಾನು ಕನ್ನಡಿ ಮಾಡಿಕೊಡುತ್ತೇನೆ' ಅಂತ ಊರಿಗೆಲ್ಲ ಕೇಳುವ ಹಾಗೆ ಹೇಳಿದೆ. ಕಲಿಯುವ ಹುಡುಗನ ಜಂಬ ನಿಮಗೆ ಗೊತ್ತಲ್ಲ.

ಕಲೆ ಬೇಗ ಹೋಗಲಿ ಅಂತ 120ರ ಕಾಗದ ಹಿಡಿದು ಅರ್ಧ ಗಂಟೆ ಉಜ್ಜಿದೆ. ಕಲೆ ಹೋಯಿತು. ಮದುವೆಗೆ ಉಳಿದದ್ದು ಎರಡೇ ದಿನ. ನಡುವಿನ ಕಾಗದಗಳನ್ನೆಲ್ಲ ಬಿಟ್ಟು ನೇರ 1000ಕ್ಕೆ ಹಾರಿದೆ. ಮೇಲ್ಮೇಲೆ ನುಣ್ಣಗಾಯಿತು. ಮಾರನೇ ದಿನ ವರ್ಕ್‌ಶಾಪಿಗೆ ಒಯ್ದು ಬಫಿಂಗ್ ಚಕ್ರಕ್ಕೆ, ಅಂದರೆ ಹೊಳಪು ಕೊಡುವ ಬಟ್ಟೆಯ ಚಕ್ರಕ್ಕೆ, ಹಿಡಿದೆ. ರಾತ್ರಿ ಮನೆಗೆ ತಂದು ನಲವತ್ತು ವ್ಯಾಟಿನ ಬಲ್ಬಿನ ಕೆಳಗೆ ಇಟ್ಟರೆ, ಆಹಾ! ಅಜ್ಜಿ ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡಳು. ನಾನು ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲ, ಖುಷಿಗೆ.

ಬೆಳಿಗ್ಗೆ ದಿಬ್ಬಣ ಬಂತು. ಎದುರುಗೊಳ್ಳಲು ಅತ್ತೆ ಹರಿವಾಣ ಹಿಡಿದು ಚಪ್ಪರದ ಅಂಚಿಗೆ ಬಂದಳು. ಅಡಿಕೆ ಸೋಗೆಯ ಸಂದಿಯಿಂದ ಬಿಸಿಲು ಓರೆಯಾಗಿ ಬಿತ್ತು ನೋಡಿ, ಇಡೀ ಹರಿವಾಣದ ತುಂಬ ಗೀರು! ತೆಂಗಿನ ನಾರು ಹರಡಿದ ಹಾಗೆ. ಆರತಿಯ ನೀರಿನ ಸುತ್ತ ಒಂದೊಂದನ್ನೂ ಎಣಿಸಬಹುದಿತ್ತು. ಗಂಡಿನ ಕಡೆಯವರ ಎದುರೇ ಅಜ್ಜಿ, 'ಎಂತದಾ ಮಾಣಿ, ಹರಿವಾಣಕ್ಕೆ ಬೆಕ್ಕು ಬಿಟ್ಟಿದ್ಯನಾ?' ಅಂದಳು. ಭಾವ ಇವತ್ತಿಗೂ ನನ್ನನ್ನು ಕಂಡರೆ 'ಮ್ಯಾಂವ್' ಅನ್ನುತ್ತಾನೆ. ಅವನಿಗೀಗ ಮೊಮ್ಮಕ್ಕಳಿದ್ದಾರೆ.

ಮಾಸ್ತರಿಗೆ ತೋರಿಸಿದೆ. ಬೈಯಲಿಲ್ಲ. ಒಂದು ಟಾರ್ಚು, ಒಂದು 220ರ ಕಾಗದ ಕೈಗೆ ಕೊಟ್ಟರು. ಆಮೇಲೆ ಮಾಡಿ ತೋರಿಸಿದರು. ಕಾಗದವನ್ನು ಬೆರಳಿನಿಂದ ಒತ್ತಬಾರದು, ಬೆರಳು ಒತ್ತಿದಲ್ಲಿ ಗುಳಿ ಬೀಳುತ್ತದೆ. ಸಪಾಟು ಮರದ ತುಂಡಿಗೆ ಸುತ್ತಿಕೊಳ್ಳಬೇಕು. ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ, ಅದ್ದಿ ಅದ್ದಿ ಉಜ್ಜಬೇಕು. 220ರಲ್ಲಿ ಉದ್ದಕ್ಕೆ ಉಜ್ಜಿದರೆ 320ರಲ್ಲಿ ಅಡ್ಡಕ್ಕೆ, 400ರಲ್ಲಿ ಮತ್ತೆ ಉದ್ದಕ್ಕೆ. ಇದೇ ಗುಟ್ಟು. ದಿಕ್ಕು ಬದಲಿಸಿದರೆ ಹಿಂದಿನ ಗೀರು ತಾನಾಗಿಯೇ ಅಡ್ಡ ನಿಂತು ಕಾಣುತ್ತದೆ. ಅಡ್ಡ ನಿಂತದ್ದು ಒಂದೇ ಒಂದು ಉಳಿದರೂ ಮುಂದೆ ಹೋಗಬಾರದು. ಪ್ರತಿ ಸಲ ತೊಳೆದು, ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಬೇಕು. ನೀರೂ ಬದಲಿಸಬೇಕು. ಹಳೇ ನೀರಿನಲ್ಲಿ 220ರ ಒಂದು ಕಾಳು ಉಳಿದಿದ್ದರೆ 1500ರಲ್ಲಿ ಮಾಡಿದ್ದೆಲ್ಲ ಹಾಳು. ಎರಡು ಭಾನುವಾರ ಹಿಡಿಯಿತು ನನಗೆ.

ಹರಿವಾಣದ ಕತೆಗೇ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

2000 ಮುಗಿದ ಮೇಲೆ ಬಫಿಂಗ್. ಹತ್ತಿ ಬಟ್ಟೆಯ ಚಕ್ರ, ಅದಕ್ಕೆ ಹಚ್ಚುವ, ಸೋಪಿನ ತುಂಡಿನಂಥ ಪಾಲಿಶ್ ಬಟ್ಟಿ. ಹಿತ್ತಾಳೆ, ಅಲ್ಯೂಮಿನಿಯಮ್‌ಗೆ ಕಂದು ಬಟ್ಟಿ, ಸ್ಟೀಲಿಗೆ ಹಸಿರು. ಒಂದು ಚಕ್ರಕ್ಕೆ ಒಂದೇ ಬಟ್ಟಿ, ಬೆರೆಸಬೇಡಿ. ವಸ್ತುವನ್ನು ಚಕ್ರದ ಕೆಳಭಾಗಕ್ಕೆ ಹಿಡಿಯಿರಿ. ವಸ್ತುವಿನ ಮೇಲಂಚು ಸಿಕ್ಕಿಬಿದ್ದರೆ ಚಕ್ರ ಅದನ್ನು ಕಿತ್ತು ಎಸೆಯುತ್ತದೆ. ಕಣ್ಣಿಗೆ ಕನ್ನಡಕ ಬೇಕು. ಕೈಗವಸು, ಸೆರಗು, ಲುಂಗಿಯ ತುದಿ, ಕುತ್ತಿಗೆಯ ಸರ ಇವು ಯಾವುವೂ ತಿರುಗುವ ಚಕ್ರದ ಹತ್ತಿರ ಬರಬಾರದು. ಚಕ್ರ ಇಲ್ಲದವರು ಹಳೇ ಬನಿಯನ್ ತುಂಡಿಗೆ ಲೋಹದ ಪಾಲಿಶ್ ಹಚ್ಚಿ ಕೈಯಲ್ಲೇ ತಿಕ್ಕಬಹುದು. ಹೊತ್ತು ಹಿಡಿಯುತ್ತದೆ, ಆದರೆ ಆಗುತ್ತದೆ. ಕೇರಳದ ಆರನ್ಮುಳ ಕನ್ನಡಿಯಲ್ಲಿ ಗಾಜೇ ಇಲ್ಲ. ತಾಮ್ರ, ತವರ ಬೆರೆಸಿ ಎರಕ ಹೊಯ್ದ ಬಿಲ್ಲೆ, ದಿನಗಟ್ಟಲೆ ಕೈಯಲ್ಲೇ ತಿಕ್ಕಿದ್ದು.

ಚಕ್ರ ಆಳದ ಗೀರನ್ನು ತೆಗೆಯುತ್ತದೆ ಅಂತ ಮಾತ್ರ ತಿಳಿಯಬೇಡಿ. ಅದಕ್ಕೂ ಹೊಳಪು ಕೊಡುತ್ತದೆ, ಅಷ್ಟೇ. ಅದಕ್ಕೇ ಮತ್ತೆ ಹೇಳುತ್ತೇನೆ, ಹಿಂದಿನ ಗೀರು ಹೋಗುವ ತನಕ ಮುಂದಿನ ಕಾಗದ ಬೇಡ.

ಕಲಾಯಿ ಹಾಕಿದ ಪಾತ್ರೆಯ ಒಳಗೆ ಉಪ್ಪುಕಾಗದ ಹಾಕಬೇಡಿ. ಕಲಾಯಿ ಹೋದರೆ ಹುಳಿ ಪದಾರ್ಥ ಕೆಡುತ್ತದೆ, ಹೊಟ್ಟೆಗೂ ಒಳ್ಳೆಯದಲ್ಲ. ಕ್ರೋಮ್ ಲೇಪದ ಭಾಗಗಳಿಗೂ ಬೇಡ, ಲೇಪ ಹರಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಇನ್ನು ನಮ್ಮ ಕರಾವಳಿಯ ಉಪ್ಪು ಗಾಳಿ. ಬರೀ ಕಬ್ಬಿಣವನ್ನು ಕನ್ನಡಿ ಮಾಡಿ ರಾತ್ರಿ ಹಾಗೆಯೇ ಬಿಟ್ಟರೆ ಬೆಳಿಗ್ಗೆ ಕಂದು ಚುಕ್ಕಿ. ಮುಗಿದ ಕೂಡಲೇ ಬೆರಳಿನ ಗುರುತು ಒರೆಸಿ ತೆಳ್ಳಗೆ ಮೇಣ ಹಚ್ಚಿ. ಜೇನುಮೇಣ ಸಿಕ್ಕರೆ ಅದೂ ಆಗುತ್ತದೆ.

ಆ ಹರಿವಾಣ ಈಗ ನನ್ನ ಮನೆಯಲ್ಲೇ ಇದೆ. ಮುಖ ಚೆನ್ನಾಗಿ ಕಾಣುತ್ತದೆ. ಅಂಚಿನ ಹತ್ತಿರ 120ರ ಎರಡು ಗೀರು ಉಳಿದಿವೆ. ಟಾರ್ಚು ಹಿಡಿದರೆ ಮಾತ್ರ ಕಾಣುತ್ತವೆ. ಭಾವ ಬಂದಾಗಲೆಲ್ಲ ಟಾರ್ಚು ಕೇಳುತ್ತಾನೆ.

ನಮಸ್ಕಾರ.